ಅಳಿಯನ ಮರದ ಹಣ್ಣು

ನಮ್ಮ ದೊಡ್ಡಮ್ಮ ಆಂಜಿನಮ್ಮನಿಗೆ ಇರುವವರೆಲ್ಲ ಗಂಡುಮಕ್ಕಳು. ಅಳಿಯನ ಕಾಲಿಗೆ ನೀರು ಹುಯ್ಯುವ ಯೋಗ ತನ್ನ ಹಣೆಯಲ್ಲಿ ಬರೆದಿಲ್ಲ ಎಂದು ಯಾರ ಮದುವೆಗೆ ಹೋದರೂ ಹೇಳಿಕೊಳ್ಳುತ್ತಿದ್ದಳು. ಆ ಯೋಗವನ್ನು ತಂದುಕೊಟ್ಟದ್ದು ಒಂದು ಟಿವಿ ಧಾರಾವಾಹಿ. ಅದರ ಮನೆ ಹಾಳಾಗ.

ಹತ್ತು ವರ್ಷದ ಹಿಂದೆ ‘ಕೆರೆಕೋಡಿ ಮನೆತನ’ದವರು ಮದುವೆ ದೃಶ್ಯದ ಶೂಟಿಂಗಿಗೆ ಗೌನಿಪಲ್ಲಿಯ ನಮ್ಮ ಮಾವಿನ ತೋಪಿಗೆ ಬಂದಿದ್ದರು. ಹೆಣ್ಣಿನ ತಾಯಿಯ ಪಾತ್ರದವರು ಅಂದು ಬರಲಿಲ್ಲ. ಕೈ ಕಂಡರೆ ಸಾಕು ಎಂದು ನಿರ್ದೇಶಕರು ದೊಡ್ಡಮ್ಮನಿಗೆ ಚೊಂಬು ಕೊಟ್ಟರು. ಬಾದಾಮಿ ಮಾವಿನ ಮರದ ಕೆಳಗೆ ಹಸೆಮಣೆಯ ಮೇಲಿದ್ದ ಹೀರೋ ಚೈತನ್ಯನ ಕಾಲಿಗೆ ಅವಳು ನೀರು ಹುಯ್ದಳು. ಅವರಿಗೆ ಅದು ಶೂಟಿಂಗ್. ನಮ್ಮ ಕಡೆ ಕಾಲು ತೊಳೆದ ಮೇಲೆ ಅವನು ಅಳಿಯ, ಅಲ್ಲಿಗೆ ಮುಗಿಯಿತು. ಅವನಾದರೂ ಸುಮ್ಮನಿದ್ದನೇ? ಹೊರಡುವಾಗ ಅವಳ ಕಾಲಿಗೆ ಬಿದ್ದು, “ಹಣ್ಣಿನ ಕಾಲಕ್ಕೆ ಬರ್ತೀನಿ ಅತ್ತೆ” ಅಂದ.

ಬರಲಿಲ್ಲ. ಆದರೂ ಅದು ಅಳಿಯನ ಮರವಾಯಿತು. ಪ್ರತಿ ವರ್ಷ ಅದರ ಹಣ್ಣು ಒಂದು ಬುಟ್ಟಿ ಬೆಂಗಳೂರಿಗೆ ಅವನ ಮನೆಗೆ, ಉಳಿದದ್ದು ಮಾರಾಟಕ್ಕೆ ಮಂಡಿಗೆ. ಅಳಿಯ ಬಂದು ತಿನ್ನದೆ ಮನೆಯವರು ಬಾಯಿಗಿಡುವಂತಿಲ್ಲ. ದೊಡ್ಡಪ್ಪ ಶ್ರೀರಾಮಪ್ಪ ಒಮ್ಮೆ ಕೈ ಹಾಕಲು ಹೋಗಿ ಚೆನ್ನಾಗಿ ಬೈಸಿಕೊಂಡಿದ್ದರು. ಅವನೋ ಎರಡೇ ವರ್ಷಕ್ಕೆ ಧಾರಾವಾಹಿ ಬಿಟ್ಟು ಸಿನಿಮಾಗೆ ಹಾರಿದ. ಆ ಪಾತ್ರಕ್ಕೆ ಬಂದ ಹೊಸಬನನ್ನು ದೊಡ್ಡಮ್ಮ ಕಣ್ಣೆತ್ತಿಯೂ ನೋಡಲಿಲ್ಲ.

ಈ ಬೇಸಿಗೆಯಲ್ಲಿ ಶ್ರೀನಿವಾಸಪುರದಲ್ಲಿ ಧಾರಾವಾಹಿಯ ಹತ್ತನೇ ವರ್ಷದ ಸಮಾರಂಭ. ಹಳೆಯ ಕಲಾವಿದರೆಲ್ಲ ಸೇರುತ್ತಾರಂತೆ. ಪೋಸ್ಟರಿನಲ್ಲಿ ಚೈತನ್ಯನ ಮುಖವೇ ದೊಡ್ಡದು. ದೊಡ್ಡಮ್ಮ ಪಂಚೆ, ಶಲ್ಯ ಕೊಂಡು, ಬುಟ್ಟಿಗೆ ಹಣ್ಣು ತುಂಬಿಕೊಂಡು ನನ್ನನ್ನೂ ಎಳೆದುಕೊಂಡು ಹೋದಳು.

ಅಲ್ಲಿ ಅವನ ಬದಲು ಅವನ ವಿಡಿಯೋ ಬಂತು. “ಆ ಸೀರಿಯಲ್ಲು ನನಗೀಗ ಸರಿಯಾಗಿ ನೆನಪೂ ಇಲ್ಲ. ಎಲ್ಲರಿಗೂ ಒಳ್ಳೇದಾಗ್ಲಿ” ಎಂದು ನಕ್ಕ. ಜನ ಕೂಗಾಡಿದರು. ನನಗಂತೂ ಮೈಯೆಲ್ಲ ಉರಿಯಿತು. ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇನೆ, ಏಣಿಯೇ ಇರಲಿಲ್ಲ ಅನ್ನುವವನನ್ನು ಕಂಡಿರಲಿಲ್ಲ.

“ಕೇಳಿಸ್ಕೊಂಡ್ಯಾ ಪವಿತ್ರ? ನೆನಪಿಲ್ವಂತೆ. ಗುರ್ತು ಲೇದಂಟ” ಅಂದಳು ದೊಡ್ಡಮ್ಮ. ಅವಳ ಮೂಗಿನ ತುದಿ ಕೆಂಪಾಗಿತ್ತು.

ಉಡುಗೊರೆಗೆಂದು ತಂದ ಬಟ್ಟೆಯನ್ನು ವಾಪಸು ಮನೆಗೆ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಅವಳು ನೆಟ್ಟಗೆ ವೇದಿಕೆ ಹತ್ತಿ, ಧಾರಾವಾಹಿಯ ಖಳನಾಯಕ ಗಂಗಾಧರ್ ಅವರ ಮುಂದೆ ಪಂಚೆ, ಶಲ್ಯ ಹಿಡಿದಳು. ಅವರು ಗಾಬರಿಯಾದರು.

“ಅಮ್ಮಾ, ನಾನು ವಿಲನ್ನು. ಸೊಸೆಗೆ ವಿಷ ಹಾಕಿದೋನು.”

“ಗೊತ್ತು ಕಣಪ್ಪ. ನಿನ್ನನ್ನ ಬೈದಷ್ಟು ಇನ್ಯಾರನ್ನೂ ಬೈದಿಲ್ಲ ನಾನು. ಆದ್ರೂ ನೀನು ಬಂದ್ಯಲ್ಲ, ತಗೋ. ಅಳಿಯ ಅಂತ ಮಾತ್ರ ಅನ್ನಲ್ಲ. ಆ ಪದಾನೇ ಸಾಕಾಗಿದೆ ನಂಗೆ.”

ಹಣ್ಣನ್ನು ಯಾರಿಗೂ ಕೊಡಲಿಲ್ಲ. ಊರಿನ ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಮೇಲೆ ಒಂದು ಹಣ್ಣು ತೆಗೆದು, ಸೆರಗಿಗೆ ಒರೆಸಿ ಕಚ್ಚಿದಳು. ರಸ ಮೊಣಕೈವರೆಗೆ ಇಳಿಯಿತು. ಕಣ್ಣಲ್ಲಿ ನೀರು ತುಂಬಿತು.

“ಹುಳೀನಾ ದೊಡ್ಡಮ್ಮ?” ಎಂದೆ.

“ಸಕ್ಕರೆ ಕಣೇ. ಇಂಥಾ ಹಣ್ಣನ್ನ ಇಷ್ಟು ವರ್ಷ ಆ ನನ್ಮಗನಿಗೆ ಕಳಿಸಿದ್ನಲ್ಲೇ.”

ಓಟೆಯನ್ನು ಕಿಟಕಿಯಿಂದ ಬೀಸಿ ಎಸೆದು, ಬುಟ್ಟಿಯಿಂದ ಇನ್ನೊಂದು ತೆಗೆದಳು.