ಅಮಾವಾಸ್ಯೆಯ ಗೀರು

ಗುರುತ್ವದ ಅಲೆ ಹಿಡಿಯುವ ಯಂತ್ರಗಳ ಬಗ್ಗೆ ಪತ್ರಿಕೆಯಲ್ಲಿ ಬಂದಾಗಲೆಲ್ಲ ನನಗೆ ಒಳಗೊಳಗೇ ನಗು. ಬಂದದ್ದು ಆಕಾಶದ ಸುದ್ದಿಯೋ, ಯಂತ್ರದ ಮಗ್ಗುಲಲ್ಲಿ ಹೋದ ಲಾರಿಯೋ ಎಂದು ಅಷ್ಟು ದೊಡ್ಡ ವಿಜ್ಞಾನಿಗಳೂ ತಲೆ ಕೆರೆದುಕೊಳ್ಳುತ್ತಾರಂತೆ. ಕೆರೆದುಕೊಳ್ಳಲಿ. ಎಪ್ಪತ್ತರ ದಶಕದ ಕೊನೆಗೆ ಯಲಬುರ್ಗಾದ ಹೊರಗೆ ಒಂದು ಕಲ್ಲಿನ ಕೋಣೆಯಲ್ಲಿ ಕೂತು ನಾನೂ ಅದನ್ನೇ ಮಾಡುತ್ತಿದ್ದೆ.

ನನ್ನದು ಭೂಕಂಪ ಅಳೆಯುವ ಯಂತ್ರ ಕಾಯುವ ಹಂಗಾಮಿ ನೌಕರಿ. ಎರೆಯ ಕಪ್ಪು ಮಣ್ಣು ಅಗೆದು, ಕೆಳಗಿನ ಬಂಡೆಯಿಂದಲೇ ಎಬ್ಬಿಸಿದ ಕಟ್ಟೆಯ ಮೇಲೆ ಯಂತ್ರ. ದಿನಾ ಬೆಳಿಗ್ಗೆ ಹತ್ತಕ್ಕೆ ಸೀಮೆಎಣ್ಣೆ ದೀಪದ ಹೊಗೆಯಲ್ಲಿ ಕಾಗದ ಕಪ್ಪು ಮಾಡಿ ಉರುಳೆಗೆ ಸುತ್ತಬೇಕು. ನೆಲ ನಡುಗಿದರೆ ಸೂಜಿ ಅದರ ಮೇಲೆ ಬಿಳಿ ಗೀರು ಎಳೆಯುತ್ತದೆ. ನೆಲವೇನೋ ಬೇಕಾದಷ್ಟು ನಡುಗುತ್ತಿತ್ತು: ಕುಷ್ಟಗಿ ಬಸ್ಸು, ಹಿಟ್ಟಿನ ಗಿರಣಿ, ಕಲ್ಲು ಕ್ವಾರಿಯ ಮದ್ದು. ಆ ವರ್ಷ ಮೇಲಿನ ಸಾಹೇಬರು ಬಂದು ಕಾಗದಗಳನ್ನೆಲ್ಲ ತಿರುವಿ ಹಾಕಿ, "ಬರೇ ಗದ್ದಲ ಐತಲ್ರಿ ಇದು. ಮಾರ್ಚಿನೊಳಗ ಒಂದರ ಖರೇ ಕಂಪನ ತೋರಿಸ್ರಿ. ಇಲ್ಲಾಂದ್ರ ಈ ಕೋಣಿ ಮುಚ್ಚತೀವಿ," ಎಂದರು. ಕೋಣೆ ಮುಚ್ಚಿದರೆ ನನ್ನ ನೌಕರಿಯೂ ಹೋದಂತೆ.

ಆಗ ಕಣ್ಣಿಗೆ ಬಿತ್ತು ಅಮಾವಾಸ್ಯೆಯ ಗೀರು. ಐದು ಅಮಾವಾಸ್ಯೆ, ಐದು ಗೀರು, ಎಲ್ಲವೂ ನಸುಕಿನಲ್ಲಿ, ಬಸ್ಸು ಗಿರಣಿ ಏನೂ ಇಲ್ಲದ ಹೊತ್ತಿನಲ್ಲಿ. ಸೂರ್ಯ ಚಂದ್ರ ಒಂದೇ ಕಡೆ ಸೇರಿ ಸಮುದ್ರವನ್ನು ಎಳೆಯುವ ಹಾಗೆ ನಮ್ಮ ಬಂಡೆಯನ್ನೂ ಎಳೆಯುತ್ತಿವೆ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಂಟು ಹಾಳೆ ವರದಿ ಬರೆದೆ. ಒಂಬತ್ತನೆಯದರಲ್ಲಿ "ಹುಣ್ಣಿಮೆಯಂದೂ ಹೀಗೆಯೇ" ಎಂದು ಬರೆಯಲು ಹೋಗಿ ಕಾಗದ ತೆಗೆದು ನೋಡಿದರೆ, ಹುಣ್ಣಿಮೆಯಲ್ಲಿ ಒಂದು ಗೀರೂ ಇಲ್ಲ. ಎಳೆತವೇನೋ ಹುಣ್ಣಿಮೆಗೂ ಅಷ್ಟೇ ಇರಬೇಕು. ಅವತ್ತು ಚಂದ್ರನಿಗೆ ರಜೆಯೇ? ಸುಮ್ಮನೆ ಕಳಿಸಿಬಿಡು ಎಂದು ಮನಸ್ಸು ಹೇಳಿತು, ಸುಳ್ಳೇಕೆ ಹೇಳಲಿ.

ಮುಂದಿನ ಅಮಾವಾಸ್ಯೆ ನಸುಕಿಗೇ ಹೋಗಿ ನಿಂತೆ. ಕೋಣೆಯ ಕಸ ಹೊಡೆಯುವ ಮುದುಕಿ ಬಂದಳು. ಕಟ್ಟೆಗೆ ಕುಂಕುಮ ಹಚ್ಚಿದಳು, ಊದಿನಕಡ್ಡಿ ಬೆಳಗಿದಳು, ಕಟ್ಟೆಯ ಅಂಚಿಗೇ ಫಟ್ಟನೆ ಕಾಯಿ ಒಡೆದಳು. ಸೂಜಿ ಕುಣಿಯಿತು. ನಮ್ಮ ಕಡೆ ಅಮಾವಾಸ್ಯೆಗೆ ಲಾರಿಗೆ, ಗಿರಣಿಗೆ ಎಲ್ಲಕ್ಕೂ ಕಾಯಿ ಒಡೆಯುತ್ತಾರೆ. ನನ್ನ ಯಂತ್ರ ಏನು ಪಾಪ ಮಾಡಿತ್ತು!

"ಎಂಥಾ ಕೆಲಸ ಮಾಡಿದಿಬೇ ಯಮ್ಮಾ!" ಎಂದು ಕೂಗಿದೆ.

"ಯಾಕೋ ಯಪ್ಪಾ? ನಿನ್ನ ನೌಕರಿ ಖಾಯಂ ಆಗ್ಲಿ ಅಂತ ಬೇಡ್ಕೊಳ್ಳಾಕತ್ತೀನಿ. ಆರು ಅಮಾಸಿ ಆತು."

ಬಂದ ಸಿಟ್ಟು ಎಲ್ಲಿ ಹೋಯಿತೋ. ಅಲ್ಲೇ ಕೂತು ಅವಳು ಕೊಟ್ಟ ಕಾಯಿಚೂರು ತಿನ್ನುತ್ತ ಎಲ್ಲ ಹೇಳಿದೆ. ಅವಳ ಕಣ್ಣು ತುಂಬಿತು. "ಅಂದ್ರ ನಾನ ನಿನ್ನ ಅನ್ನಕ್ಕ ಕಲ್ಲು ಹಾಕಿದ್ನೇನೋ?"

"ಇಲ್ಲಬೇ. ಸುಳ್ಳು ಕಳಸಾಕ ಹೊಂಟಾಂವ ನಾನು," ಎಂದೆ. ವರದಿ ಹರಿದು ಹಾಕಿದೆ.

ಅಂದಿನಿಂದ ಕಾಯಿ ಊರಬಾಗಿಲ ಅಗಸಿಯ ಹನುಮಪ್ಪನ ಗುಡಿಗೆ ಹೋಯಿತು. ಗಂಗಾವತಿ ಕಡೆ ನಮ್ಮಂಥದೇ ಇನ್ನೊಂದು ಕೋಣೆಯಿತ್ತು. ಬಸ್ಸಾಗಲಿ, ಕಾಯಿಯಾಗಲಿ ಎರಡೂ ಕಡೆ ಒಟ್ಟಿಗೆ ನೆಲ ನಡುಗಿಸಲಾರವು. ಎರಡೂ ಕಡೆ ಒಂದೇ ಹೊತ್ತಿಗೆ ಬಂದರಷ್ಟೇ ನಂಬುವುದು ಎಂದು ಕಿವಿ ಹಿಡಿದುಕೊಂಡೆ.

ಮಾರ್ಚ್ ಬಂತು. ಒಂದು ಮಧ್ಯಾಹ್ನ ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ ಸೂಜಿ ಮೊದಲು ಸಣ್ಣಗೆ, ಆಮೇಲೆ ಜೋರಾಗಿ ನಡುಗಿ, ನಿಧಾನಕ್ಕೆ ನಿಂತಿತು. ಈ ಸಲ ನಾನು ಕುಣಿಯಲಿಲ್ಲ. ಕ್ವಾರಿಗೆ ಸೈಕಲ್ ತುಳಿದೆ: ಮದ್ದು ಹಾಕಿರಲಿಲ್ಲ. ಗಿರಣಿಗೆ ಕರೆಂಟಿರಲಿಲ್ಲ. ಮುದುಕಿ ಮಾತ್ರ ನಾನು ಕೇಳುವ ಮೊದಲೇ, "ನಾ ಅಲ್ಲೋ ಯಪ್ಪಾ! ನಾ ಮನ್ಯಾಗ ರೊಟ್ಟಿ ಬಡ್ಯಾಕತ್ತಿದ್ನಿ," ಎಂದು ನನ್ನ ಹಿಂದೆಯೇ ಅಂಚೆ ಕಚೇರಿಗೆ ಬಂದಳು.

ಗಂಗಾವತಿಯ ಕೋಣೆಗೆ ಟ್ರಂಕ್ ಕಾಲ್ ಹಾಕಿ ಒಂದು ತಾಸು ಕಾದೆವು. ಅಲ್ಲಿ ಯಂತ್ರ ಕಾಯುವ ಗೆಳೆಯ ಫೋನಿಗೆ ಬಂದಾಗ, ನಮ್ಮಲ್ಲಿ ಎಷ್ಟು ಹೊತ್ತಿಗೆ ಬಂತೆಂದು ನಾನು ಹೇಳಲಿಲ್ಲ. "ಇವತ್ತು ನಿಮ್ಮಲ್ಲಿ ಏನರ ಬಂತೇನ್ರಿ?" ಎಂದಷ್ಟೇ ಕೇಳಿದೆ.

"ಎರಡೂ ಹದಿನಾಲ್ಕಕ್ಕ ಒಂದು ಬಂದೈತ್ರಿ. ಮೊದಲ ಸಣ್ಣದು, ಆಮ್ಯಾಲ ಜೋರು. ಗದ್ದಲ ಅಂತ ಬಿಟ್ಟಿದ್ನಿ."

"ಬಿಡಬ್ಯಾಡ್ರಿ," ಎಂದೆ. "ಅದು ಖರೇದು."

ಮುದುಕಿ ನನ್ನ ತೋಳು ಹಿಡಿದು ಅಲುಗಾಡಿಸಿದಳು. "ನೌಕರಿ ಉಳೀತೇನೋ?" "ಉಳೀತಬೇ," ಎಂದೆ. ಹನುಮಪ್ಪನ ಗುಡಿಯಲ್ಲಿ ಒಡೆಯಲು ಈ ಸಲ ಕಾಯಿ ನಾನೇ ಕೊಂಡೆ.