ಅಣ್ಣನ ಕ್ಯಾಸೆಟ್ಟು

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೀಗದ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡ ಆರಡಿ ಜಾಗದಲ್ಲಿ ಬೆಸುಗೆ ಅಕ್ಕ ಕೂರುತ್ತಾಳೆ. ಕೈಯಲ್ಲಿ ಹಿಡಿದು ಆಡುವ ಹಳೇ ವಿಡಿಯೋ ಗೇಮುಗಳ ರಿಪೇರಿ ಅವಳ ಕಸುಬು. ಅದರಲ್ಲೂ ರಾಕ್ಷಸರನ್ನು ಹಿಡಿದು, ಸಾಕಿ, ಕಾದಾಡಿಸುವ ಆಟದ ಕ್ಯಾಸೆಟ್ಟು ಕೆಟ್ಟರೆ ಊರಿಗೆಲ್ಲ ಅವಳೇ ಗತಿ. ಅದರ ಹೊಟ್ಟೆಯೊಳಗೆ ಅಂಗಿಯ ಗುಂಡಿಯಷ್ಟು ಬ್ಯಾಟರಿ ಇರುತ್ತದೆ. ಹಿಡಿದ ರಾಕ್ಷಸರೆಲ್ಲ ಉಳಿದಿರುವುದು ಅದರ ದಯೆಯಿಂದ; ಅದು ಸತ್ತರೆ ಎಲ್ಲವೂ ಗೋವಿಂದ. ಬೆಸುಗೆ ಅಕ್ಕ ಹೊರಗಿನಿಂದ ಎರಡು ತಂತಿ ಕೊಟ್ಟು, ಕರೆಂಟು ತಪ್ಪದಂತೆ ನೋಡಿಕೊಂಡು ಬ್ಯಾಟರಿ ಬದಲಿಸುತ್ತಾಳೆ. ಅದಕ್ಕೂ ಮೊದಲು ಆಟ ತೆರೆದು, ಒಳಗೆ ಯಾರ್ಯಾರಿದ್ದಾರೆಂದು ಒಬ್ಬೊಬ್ಬರನ್ನೇ ನೋಡಬೇಕು. ಆಮೇಲೆಯೇ ಸ್ಕ್ರೂ ಬಿಚ್ಚುವುದು. ಹನ್ನೊಂದು ವರ್ಷದಲ್ಲಿ ಈ ಕ್ರಮ ಒಮ್ಮೆಯೂ ತಪ್ಪಿರಲಿಲ್ಲ.

ಇಂಥವಳ ಮುಂದೆ ಒಂದು ಮಧ್ಯಾಹ್ನ ಅವಳ ಸ್ವಂತ ಅಣ್ಣ ಬಂದು ನಿಂತ.

"ನನ್ನ ಹಳೇ ಕ್ಯಾಸೆಟ್ ಸಿಕ್ತು ಕಣೇ. ಇನ್ನೂ ತೆರ್ಕೊಳ್ತಿದೆ. ಬ್ಯಾಟರಿ ಎಷ್ಟು ದಿನ ತಡೆಯುತ್ತೋ ಏನೋ, ಒಳಗಿರೋರು ಹೋಗದ ಹಾಗೆ ಬೇರೆ ಹಾಕ್ಕೊಡು."

"ಇಟ್ಟು ಹೋಗು. ಸಂಜೆ ಬಾ," ಎಂದಳು. ದನಿ ನಡುಗಲಿಲ್ಲ, ಅದಕ್ಕೆ ತಾನೇ ಬೆನ್ನು ತಟ್ಟಿಕೊಂಡಳು.

ಇಪ್ಪತ್ತೆರಡು ವರ್ಷದ ಹಿಂದೆ, ಅವಳಿಗೆ ಹನ್ನೊಂದು ವರ್ಷವಿದ್ದಾಗ, ಜ್ವರ ಬಂದು ವಾರಗಟ್ಟಲೆ ಮಲಗಿದ್ದಳು. ಅಣ್ಣನಿಗೊಂದು, ತಂಗಿಗೊಂದು ಕ್ಯಾಸೆಟ್ಟು. ಆಟದ ಶುರುವಿನಲ್ಲಿ ಮೂರು ಮರಿಗಳಲ್ಲಿ ಒಂದನ್ನಷ್ಟೇ ಆರಿಸಿಕೊಳ್ಳಬಹುದು. ಅಣ್ಣನಿಗೆ ಮೂರೂ ಬೇಕಿತ್ತು. ತಂಗಿಯ ಕ್ಯಾಸೆಟ್ಟು ಹಾಕಿ 'ಹೊಸ ಆಟ' ಒತ್ತಿದ, ಸಿಕ್ಕ ಮರಿಯನ್ನು ಎರಡು ಗೇಮುಗಳನ್ನು ಜೋಡಿಸುವ ಕೇಬಲ್ಲಿನಲ್ಲಿ ತನ್ನ ಕ್ಯಾಸೆಟ್ಟಿಗೆ ಸಾಗಿಸಿದ, ಇನ್ನೊಂದಕ್ಕಾಗಿ ಮತ್ತೆ 'ಹೊಸ ಆಟ' ಒತ್ತಿದ. ಒಂದು ಕ್ಯಾಸೆಟ್ಟಿನಲ್ಲಿ ಒಂದೇ ಆಟಕ್ಕೆ ಜಾಗ. ಅವಳು ಒಂದೂವರೆ ವರ್ಷ ಕೂಡಿಟ್ಟ ನೂರಾ ಮೂವತ್ತೆಂಟು ರಾಕ್ಷಸರು, ಎಲ್ಲರಿಗಿಂತ ಮೊದಲು ಸಾಕಿದ ಗುಮ್ಮಣ್ಣನೆಂಬ ದಪ್ಪ ಕಪ್ಪೆಯ ಸಮೇತ, ನಿರ್ನಾಮವಾದರು. ಅವಳು ಅತ್ತೂ ಅತ್ತೂ ಜ್ವರ ಏರಿಸಿಕೊಂಡಾಗ ಆ ಮಹಾರಾಯ ಹೇಳಿದ್ದು ಇಷ್ಟೇ: "ಆಟ ತಾನೇ, ಮತ್ತೆ ಹಿಡಿ."

ತಪ್ಪಾಯ್ತು ಎಂಬ ಒಂದು ಮಾತು ಅವತ್ತೂ ಬರಲಿಲ್ಲ, ಅವಳ ಮದುವೆಯಲ್ಲೂ ಬರಲಿಲ್ಲ, ಅಪ್ಪ ತೀರಿಕೊಂಡ ಮೇಲೆ ಇಬ್ಬರೇ ಕೂತಿದ್ದ ದಿನಗಳಲ್ಲೂ ಬರಲಿಲ್ಲ. ಅವನಿಗೆ ನೆನಪೇ ಇಲ್ಲವೆಂದು ಅವಳು ತೀರ್ಮಾನಿಸಿದ್ದಳು. ಅದೇ ಅವಳ ಹೊಟ್ಟೆ ಉರಿಸುತ್ತಿತ್ತು.

ಅವನು ಓಣಿ ದಾಟಿದ್ದೇ ತಡ, ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿದಳು. ಆಟ ತೆರೆದು ನೋಡಲಿಲ್ಲ. ನೋಡಿದರೆ ಕೈ ಬರುವುದಿಲ್ಲವೆಂದು ಗೊತ್ತಿತ್ತು. ರಾಕ್ಷಸರೇನು ಪಾಪ ಮಾಡಿದ್ದರು? ತಂತಿ ಕೊಡಲಿಲ್ಲ. ಕಾದ ಕಡ್ಡಿ ಮುಟ್ಟಿಸಿ ಬ್ಯಾಟರಿಯನ್ನು ಕಿತ್ತಳು. ಕಿತ್ತಿಟ್ಟು, ಊಟದ ಡಬ್ಬಿ ಬಿಚ್ಚಿ, ನಿಧಾನವಾಗಿ ಉಂಡಳು. ಬಹಳ ವರ್ಷಕ್ಕೆ ಅನ್ನ ರುಚಿಸಿತು. ಆಮೇಲೆ ಹೊಸ ಬ್ಯಾಟರಿಯನ್ನು ಅಚ್ಚುಕಟ್ಟಾಗಿ ಬೆಸೆದು, ಸಂಜೆ ಆಡಬೇಕಾದ ಮಾತನ್ನು ನಾಲ್ಕೈದು ಸಲ ಮನಸ್ಸಿನಲ್ಲೇ ಅಂದುಕೊಂಡಳು: ಆಟ ತಾನೇ, ಮತ್ತೆ ಹಿಡಿ.

ಅಣ್ಣ ಐದೂವರೆಗೇ ಬಂದ. ಮುಖವೆಲ್ಲ ನಗು.

"ನೋಡಿದ್ಯಾ?"

"ಏನನ್ನ?"

"ನಿನ್ನ ಗುಮ್ಮಣ್ಣನ್ನ ಕಣೇ! ಅವತ್ತು ನಿನ್ನ ಆಟ ಅಳಿಸೋ ಮುಂಚೆ ಅವನೊಬ್ಬನ್ನ ನನ್ನ ಕಡೆ ಕಳಿಸ್ಕೊಂಡಿದ್ದೆ. ಹಿಡಿದವರು ಅಂತ ನಿನ್ನ ಹೆಸರೇ ಇದೆ. ನೀನು ಅಷ್ಟು ಅತ್ತೆಯಲ್ಲ, ಕದ್ದಿದ್ದೂ ಗೊತ್ತಾದ್ರೆ ಕೊಂದೇ ಬಿಡ್ತೀಯ ಅಂತ ಬಾಯಿ ಬಿಡ್ಲಿಲ್ಲ. ನೀನು ಮೊದಲು ಒಳಗೆ ನೋಡ್ದೆ ಕೈ ಹಾಕಲ್ಲ ಅಂತ ಎಲ್ರೂ ಹೇಳ್ತಾರೆ. ನೀನೇ ನೋಡಿ ಬೆಚ್ಚಿ ಬೀಳ್ಲಿ ಅಂತ ಮಧ್ಯಾಹ್ನ ಹೇಳ್ಲಿಲ್ಲ."

ಅಣ್ಣನೇ ಕ್ಯಾಸೆಟ್ಟು ಎತ್ತಿ, ಮೇಜಿನ ಮೇಲಿದ್ದ ಗೇಮಿಗೆ ಸಿಕ್ಕಿಸಿದ. ಪರದೆಯ ಮೇಲೆ 'ಹೊಸ ಆಟ' ಎಂಬುದೊಂದೇ ಸಾಲು. ಗೇಮು ಆಫ್ ಮಾಡಿ ಮತ್ತೆ ಆನ್ ಮಾಡಿದ. ಕ್ಯಾಸೆಟ್ಟಿನ ಬಾಯಿಗೆ ಊದಿ ಮತ್ತೆ ಹಾಕಿದ. ನಗು ಇಳಿಯುತ್ತಾ ಬಂತು.

"ನೀನು ಬಿಚ್ಚೋ ಹೊತ್ತಿಗೇ ಬ್ಯಾಟರಿ ಸತ್ತಿತ್ತಾ?"

"ಹೂಂ."

ಅವನು ಸ್ಟೂಲಿನ ಮೇಲೆ ಕುಸಿದ. "ತಪ್ಪಾಯ್ತು ಕಣೇ. ಹೋದ ತಿಂಗಳೇ ಸಿಕ್ಕಿತ್ತು, ಆಗ್ಲೇ ತರ್ಬೇಕಿತ್ತು. ಅವನೊಬ್ಬ ಉಳಿದಿದ್ದ, ಅವನೂ ನನ್ನಿಂದ್ಲೇ ಹೋದ." ಕಣ್ಣು ಒದ್ದೆಯಾಗಿತ್ತು.

ಕಿತ್ತ ಬ್ಯಾಟರಿ ಇನ್ನೂ ಮೇಜಿನ ಮೇಲೇ ಇತ್ತು. ಮೀಟರಿನ ಎರಡು ಕಡ್ಡಿ ಮುಟ್ಟಿಸಿದರೆ, ಅದರಲ್ಲಿ ಇನ್ನೂ ಜೀವವಿದೆಯೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಅವಳು ಅದನ್ನು ಅಂಗೈಯಿಂದ ಬಳಿದು ಕಸದ ಡಬ್ಬಿಗೆ ತಳ್ಳಿದಳು. ಮಾತು ಸ್ಪಷ್ಟವಾಗಿಯೇ ಬಂತು.

"ಹೌದು, ನಿನ್ನಿಂದ್ಲೇ ಹೋದ," ಎಂದಳು.