ಖಿತಾಮಳ ಬಾಗಿಲಿಗೆ ಬಂದ ಯಂತ್ರ

ಸಿರಿಯಾದ ಹೌರಾನಿನ ಊರು ಬಿಟ್ಟು ಜೋರ್ಡಾನಿನ ನಿರಾಶ್ರಿತರ ಶಿಬಿರದ ತಗಡಿನ ಮನೆಗೆ ಬಂದ ಮೇಲೂ ಖಿತಾಮ್ ಬೆಳಿಗ್ಗೆ ಬಾಗಿಲ ಮುಂದಿನ ಮರಳಿಗೆ ನೀರು ಚಿಮುಕಿಸಿ, ಪುದೀನದ ಡಬ್ಬಿಯನ್ನು ಬಿಸಿಲಿಗಿಟ್ಟೇ ಚಹಾ ಕುಡಿಯುತ್ತಿದ್ದಳು. ಅವಳು ತೀರಿಕೊಂಡು ನಲವತ್ತು ದಿನವಾಯಿತು. ಡಬ್ಬಿ ಈಗ ಪಕ್ಕದ ಮನೆಯ ಗೆಳತಿ ಫಹ್ಮಿಯಾಳ ಬಾಗಿಲಲ್ಲಿದೆ.

ಶಿಬಿರದ ಅಂಗಡಿಯಲ್ಲಿ ಚೀಟಿ ನಡೆಯುವುದಿಲ್ಲ. ಗಲ್ಲಾದ ಮೇಲಿನ ಯಂತ್ರಕ್ಕೆ ಕಣ್ಣು ತೋರಿಸಬೇಕು. ಅದು ಗುರುತು ಹಿಡಿದರೆ ಹಿಟ್ಟು, ಬೇಳೆ. ಗಂಡ ಹೆಂಡಿರಿಬ್ಬರ ಕಣ್ಣೂ ದಾಖಲಾಗಿದ್ದರೂ ಅಂಗಡಿಗೆ ಹೋಗುತ್ತಿದ್ದವನು ಗಂಡ ಹಾಯಲ್. ಮೂರು ವರ್ಷದ ಹಿಂದೆ ಅವನು ಸತ್ತ. ಖಿತಾಮ್ ವಿಧವೆಯರ ಶೋಕವ್ರತವಾದ ಇದ್ದತ್ ಕುಳಿತಳು. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಕಾಡಿಗೆ ಹಚ್ಚುವಂತಿಲ್ಲ. ಆದರೆ ಹಿಟ್ಟು ಬೇಕಾದರೆ ಈಗ ಅವಳೇ ಅಂಗಡಿಗೆ ಹೋಗಿ ಕಣ್ಣು ತೋರಿಸಬೇಕು.

ಅನಿವಾರ್ಯವಾದರೆ ಹಗಲಲ್ಲಿ ಹೋಗಬಹುದೆಂದು ಇಮಾಮರು ಹೇಳಿಕಳಿಸಿದರು. ಫಹ್ಮಿಯಾ ಅದನ್ನೇ ಹಿಡಿದು ಒತ್ತಾಯಿಸಿದಳು.

"ಅನಿವಾರ್ಯ ಯಾರಿಗೆ? ನನಗೋ, ಆ ಪೆಟ್ಟಿಗೆಗೋ?" ಎಂದಳು ಖಿತಾಮ್. "ಮನೆ ಬಿಡು ಅಂದ್ರು, ಬಿಟ್ಟೆ. ಊರು ಬಿಡು ಅಂದ್ರು, ಬಿಟ್ಟೆ. ಗಂಡನ ದುಃಖಾನೂ ಬಿಡು ಅಂದ್ರೆ ಆಗಲ್ಲ ಕಣೆ."

ಒಂಬತ್ತು ದಿನ ಫಹ್ಮಿಯಾ ತನ್ನ ರೊಟ್ಟಿಯನ್ನು ಮುರಿದು ಕೊಟ್ಟಳು. ಹತ್ತನೆಯ ದಿನ ಕಚೇರಿಯ ಹುಡುಗಿ ರನದ್ ಕಾಗದ ಹಿಡಿದು ಬಂದಳು. ಕಣ್ಣಿನ ಯಂತ್ರವನ್ನು ಜನ ಒಪ್ಪಿದ್ದಾರೆಯೇ ಎಂದು ಮನೆಮನೆಗೆ ಹೋಗಿ ಕೇಳುವುದು ಅವಳ ಕೆಲಸ. ಆ ಸಾಲಿನ ಮನೆಯವರೆಲ್ಲ ಒಪ್ಪಿಗೆ ಎಂದೇ ಬರೆಸಿದ್ದರು, ಫಹ್ಮಿಯಾ ಕೂಡ. ಬೇಡವೆಂದರೆ ಹಿಟ್ಟು ನಿಂತೀತೆಂಬ ಭಯ.

"ಒಪ್ಪಿಲ್ಲ ಅಂತ ಬರಿ, ಮಗಳೇ. ನನ್ನ ಹೆಸರೂ ಬರಿ," ಎಂದಳು ಖಿತಾಮ್.

"ಇದರಲ್ಲಿ ಹೆಸರು ಬೇಕಿಲ್ಲ, ಖಾಲಾ."

"ನನಗೆ ಬೇಕು. ಯಾಕೆ ಅಂತಾನೂ ಬರಿ. ಸಾವಾದ ಮನೆಗೆ ಊರೇ ಬರುತ್ತೆ. ನಿನ್ನ ಯಂತ್ರಕ್ಕೆ ನಾನು ಬೇಕಾದ್ರೆ ಅದೇ ಬರಲಿ."

ನಾಲ್ಕು ದಿನ ಕಳೆದು ರನದ್ ಕೈಯಲ್ಲಿ ಹಿಡಿಯುವ ಯಂತ್ರವೊಂದನ್ನೂ ಹಿಟ್ಟಿನ ಚೀಲವನ್ನೂ ತಂದಳು. ಖಿತಾಮ್ ಮೊದಲು ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿ ಕೊಟ್ಟಳು. ರನದ್ ಅದನ್ನು ಕುಡಿದು, ಹಾಯಲನಿಗಾಗಿ ಫಾತಿಹಾ ಪ್ರಾರ್ಥನೆ ಓದಿ ಮುಗಿಸುವವರೆಗೂ ಯಂತ್ರ ಚಾಪೆಯ ಮೇಲೆ ಕಾಯಿತು. ಆಮೇಲೆ ಖಿತಾಮ್ ಕಾಡಿಗೆಯಿಲ್ಲದ, ಅತ್ತು ಊದಿದ ಕಣ್ಣನ್ನು ಅದರ ಮುಂದೆ ಅರಳಿಸಿದಳು. ಗುರುತು ಸಿಕ್ಕಿತು.

"ಈಗ ಒಪ್ಪಿಗೆ ಅಂತ ತಿದ್ದಲಾ, ಖಾಲಾ?" ಎಂದು ರನದ್ ಕೇಳಿದಳು.

"ಬಂದಿದ್ದಕ್ಕೆ ಕಾಫಿ ಕೊಟ್ಟೆ. ಒಪ್ಪಿಗೆ ಕೊಡಲಿಲ್ಲ."

ಖಿತಾಮ್ ಚೀಲ ಬಿಚ್ಚಿ ಮೊದಲು ಫಹ್ಮಿಯಾಳ ಹಿಟ್ಟಿನ ಡಬ್ಬ ತುಂಬಿಸಿದಳು.

ಮೊನ್ನೆ, ಖಿತಾಮ್ ಹೋದ ಮೇಲೆ, ರನದ್ ಮತ್ತೆ ಅದೇ ಪ್ರಶ್ನೆಯ ಕಾಗದ ಹಿಡಿದು ಬಂದಿದ್ದಳು. ಫಹ್ಮಿಯಾ ಈ ಸಲ ಒಪ್ಪಿಲ್ಲವೆಂದು ಬರೆಸಿದಳು, ತನ್ನ ಹೆಸರು ಸಮೇತ.